ನಡುಹೊಳೆಯ ಮೇಲಿನ ಮಂಚ

ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಅತ್ತೆ ನನಗೆ ಮೊದಲು ತೋರಿಸಿದ್ದು ಒಲೆಯನ್ನಲ್ಲ, ತಲೆಬಾಗಿಲಿಗೆ ತೂಗುಹಾಕಿದ್ದ ಎರಡು ಮರದ ತುಂಡುಗಳನ್ನು. ಹರಿಗೋಲಿನ ಮುರಿದ ಹಳೆಯ ಹುಟ್ಟಿನಿಂದ ಮಾಡಿದ ತುಂಡುಗಳು ಅವು. ನನ್ನನ್ನು ಅಂಗಳದಲ್ಲಿ ಕೂರಿಸಿ, ಹಗ್ಗ ಜಗ್ಗಿ ಟಕ್ ಟಕಾ ಟಕ್ ಎನ್ನಿಸಿ, "ಇದು ನಮ್ಮ ಮನಿ ಸದ್ದು. ಕಿವ್ಯಾಗ ಇಟ್ಕೊ. ಹೊತ್ತು ಮುಳುಗಿದ ಮ್ಯಾಲ ಈ ಊರಾಗ ಕಣ್ಣಿಗೆ ಕೆಲಸಿಲ್ಲ" ಎಂದರು.

ನಮ್ಮೂರಿನ ಮೇಲೆ ಚಿಕ್ಕಿಗಳಿಲ್ಲ. ಚಂದ್ರನೂ ಇಲ್ಲ. ಹಗಲಲ್ಲಿ ಎಲ್ಲ ಊರಿನ ಹಾಗೆ ಸೂರ್ಯ ಬರುತ್ತಾನೆ, ಬೆನ್ನು ಸುಡುತ್ತಾನೆ, ಹೋಗುತ್ತಾನೆ. ಅವನು ಹೋದ ಮೇಲೆ ಮೇಲಿರುವುದು ಬರೀ ಕಪ್ಪು, ಮಗುಚಿಟ್ಟ ಹಂಚಿನ ಹಾಗೆ. ಯಾಕೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಕೆಲವು ಊರಿನಲ್ಲಿ ಬಾವಿಯ ನೀರು ಸವಳು, ಕೆಲವು ಊರಿನಲ್ಲಿ ಮಾವು ಹಿಡಿಯುವುದಿಲ್ಲ, ನಮ್ಮೂರಿನಲ್ಲಿ ಚಿಕ್ಕಿ ಇಲ್ಲ, ಅಷ್ಟೇ. ಹುಣ್ಣಿಮೆ ಅಮಾವಾಸ್ಯೆ ಪಂಚಾಂಗದಿಂದ ಗೊತ್ತಾಗುತ್ತವೆ. ಸಂಕಷ್ಟಿ ಉಪವಾಸ ಹಿಡಿದವರು, ಹೊಳೆಯಾಚೆಯ ಊರಿನವರು ಚಂದ್ರನನ್ನು ನೋಡಿ ಹಲಗೆ ಬಡಿಯುವ ತನಕ ಕಾದು, ಆ ಸದ್ದಿಗೆ ಕೈಮುಗಿದು ಉಣ್ಣುತ್ತಾರೆ.

ಕತ್ತಲಿಗೆ ತಕ್ಕ ಬದುಕು ಇಲ್ಲಿ ಎಂದೋ ಹೊಂದಿಕೊಂಡಿದೆ. ಎಮ್ಮೆಗಳ ಕೋಡಿಗೆ ಸುಣ್ಣ ಬಳಿಯುತ್ತಾರೆ. ಪ್ರತಿ ಮನೆಯ ಬಾಗಿಲಿಗೂ ಅದರದೇ ಸದ್ದು: ಕುಂಬಾರರ ಮನೆಗೆ ಒಡೆದ ಗಡಿಗೆಯ ಬೋಕಿಗಳ ಸರ, ಬಡಿಗೇರರ ಮನೆಗೆ ಗರಗಸದ ಮುರುಕು, ಪೂಜಾರಿ ಮನೆಗೆ ಕಂಚಿನ ಗಂಟೆ. ಹೊರಗೆ ಹೋದವರು ಇನ್ನೂ ಬಂದಿಲ್ಲವೆಂದರೆ ಮನೆಯವರು ಹಗ್ಗ ಜಗ್ಗುತ್ತಾರೆ, ಬರುವವರು ಆ ಸದ್ದು ಹಿಡಿದು ಬರುತ್ತಾರೆ. ಓಣಿಯ ತಿರುವಿನಲ್ಲಿ ಕೆಮ್ಮಿ ತಿರುಗಬೇಕು. ಕೆಮ್ಮದೆ ಬಂದವನು ಕಳ್ಳ, ಇಲ್ಲವೇ ಹೊಸಬ. ಇಲ್ಲಿ ಯಾರಿಗಾದರೂ ಬೈಯಬೇಕೆಂದರೆ "ಸದ್ದಿಲ್ಲದವನ" ಎಂದು ಬೈಯುತ್ತಾರೆ. ಅದಕ್ಕಿಂತ ದೊಡ್ಡ ಬೈಗುಳ ನಾನಂತೂ ಕೇಳಿಲ್ಲ.

ಕತ್ತಲೆಯ ಊರೆಂದು ಸರಕಾರ ದೀಪಕ್ಕೆ ಎಣ್ಣೆ ಕೊಡುತ್ತದೆ. ಕತ್ತಲೆಣ್ಣೆ ಎನ್ನುತ್ತೇವೆ. ಅದನ್ನು ಅಳೆದು ಹಂಚುವವಳು ಪಂಚಾಯ್ತಿ ಅಧ್ಯಕ್ಷೆ ಫಕೀರವ್ವ. ದೊಡ್ಡ ದನಿಯ, ದೊಡ್ಡ ಕುಂಕುಮದ ಹೆಂಗಸು. ದೀಪಕ್ಕೆ ಸುರಿದು ಉಳಿದ ಎಣ್ಣೆಯಲ್ಲಿ ಊರಿನ ಅರ್ಧ ಮನೆಗಳ ಒಗ್ಗರಣೆ ನಡೆಯುವುದು ಆಕೆಗೆ ಗೊತ್ತು. ಆಕೆಯ ಮನೆಯ ಒಗ್ಗರಣೆಯೂ ಅದರಲ್ಲೇ.

ನನ್ನ ತವರು ಹೊಳೆಯಾಚೆ, ಎತ್ತಿನ ಗಾಡಿಯಲ್ಲಿ ಒಂದು ದಿನದ ದಾರಿ. ಅಲ್ಲಿ ಚಿಕ್ಕಿಗಳಿವೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಕೌದಿ ಹಾಸಿ ಮಲಗಿ, ಅವ್ವ ಕತೆ ಹೇಳುತ್ತ, ನಾವು ಕಣ್ಣು ಮುಚ್ಚುವ ತನಕ ನೋಡುತ್ತಿದ್ದದ್ದು ಅವನ್ನೇ. ಮದುವೆಯಾಗಿ ಬಂದ ಮೊದಲ ದಿನಗಳಲ್ಲಿ ಅಂಗಳಕ್ಕೆ ಬಂದು ತಲೆ ಎತ್ತಿ ನಿಲ್ಲುತ್ತಿದ್ದೆ. ಆಮೇಲೆ ಬಿಟ್ಟೆ. ಪಂಚಮಿಗೆ ತವರಿಗೆ ಹೋದಾಗ ನೋಡಿ ಬರುತ್ತಿದ್ದೆ. ಅತ್ತೆ ತೀರಿಕೊಂಡು ಮನೆ ನನ್ನ ಮೇಲೆ ಬಿದ್ದ ಮೇಲೆ ಅದೂ ನಿಂತಿತು. ಅಣ್ಣನೇ ಪಂಚಮಿಯ ಉಂಡಿ ಕಟ್ಟಿಸಿಕೊಂಡು ಬಂದು, ಒಂದು ರಾತ್ರಿ ಇದ್ದು ಹೋಗುತ್ತಾನೆ. ದುಃಖವೇನಿರಲಿಲ್ಲ. ಗಂಡ ಒಳ್ಳೆಯವನು, ಮೀನಿನ ಬಲೆ ಹೆಣೆಯುತ್ತಾನೆ, ಕತ್ತಲಲ್ಲೂ ಗಂಟು ತಪ್ಪುವುದಿಲ್ಲ. ಮಾವ ದ್ಯಾಮಣ್ಣ ಹರಿಗೋಲು ಹಾಕುವವರು. ಮಾತು ಕಡಿಮೆ, ಕೆಮ್ಮು ಜೋರು.

ಹರಿಗೋಲಿಗೆ ಊರಿನದೊಂದು ಕಟ್ಟಳೆ ಇದೆ. ದೀಪ ಹಚ್ಚುವ ಮೊದಲೇ ಅದನ್ನು ಈ ದಂಡೆಗೆ ತಂದು ಕಟ್ಟಬೇಕು. ಮಾವ ಬುದ್ಧಿ ಬಂದಾಗಿನಿಂದ ಹುಟ್ಟು ಹಿಡಿದವರು. ಬೆಳಗಿನ ಮೊದಲ ಸಾಗಣೆಗೆ ಅವರೇ ಬೇಕು, ಸಂಜೆಯ ಕಡೆಯದಕ್ಕೂ ಅವರೇ ಬೇಕು. ಹೀಗಾಗಿ ಅವರು ಒಂದು ರಾತ್ರಿಯೂ ಬೇರೆ ಊರಿನಲ್ಲಿ ಮಲಗಿದವರಲ್ಲ. ಚಿಕ್ಕಿ ಎಂಬುದು ಅವರಿಗೆ ಗೊತ್ತಿದ್ದದ್ದು ನಮ್ಮ ಶಾಲೆಯ ಗೋಡೆಯಿಂದ. ಅಲ್ಲಿ ಯಾರೋ ಮಾಸ್ತರರು ನೀಲಿ ಬಳಿದು, ಅದರ ಮೇಲೆ ಐದು ಮೂಲೆಯ, ಮೊರದಷ್ಟು ದೊಡ್ಡ ಹಳದಿ ಚಿಕ್ಕಿಗಳನ್ನು ಬರೆದಿದ್ದಾರೆ. ಊರಿನ ಬಹಳ ಜನಕ್ಕೆ ಚಿಕ್ಕಿ ಎಂದರೆ ಅದೇ.

ಯುಗಾದಿ ಮುಗಿದ ಮೇಲೆ ಒಂದು ಸಂಜೆ ಕುರುಬರ ಕುರಿಗಳನ್ನು ಆಚೆ ದಾಟಿಸುವುದಿತ್ತು. ಕುರಿಗಳು ಹರಿಗೋಲು ಹತ್ತಲು ಒಲ್ಲೆ ಎಂದವು. ಒಂದು ಹತ್ತಿದರೆ ಎರಡು ಜಿಗಿದವು. ಮಾವ ಕಡೆಯ ಸಾಗಣೆ ಮುಗಿಸಿ ಹೊರಡುವಾಗ ಹೊತ್ತು ಮುಳುಗಿ ಹೋಗಿತ್ತು. ನಾನು ಬಾಗಿಲ ಸದ್ದು ಮಾಡುತ್ತ ನಿಂತೆ. ಕೈ ಸೋತ ಮೇಲೆ ಅವರ ಕೆಮ್ಮು ಕೇಳಿಸಿತು. ಒಳಗೆ ಬಂದವರು ನೀರು ಕುಡಿಯಲಿಲ್ಲ, ಕಟ್ಟೆಯ ಮೇಲೆ ಕೂತರು.

"ನೀಲವ್ವಾ, ನಡುಹೊಳ್ಯಾಗ ಮ್ಯಾಲ ಏನೋ ಅದಾವ" ಎಂದರು.

"ಏನದಾವ ಮಾವಾ?"

"ಬೆಳಕು. ಸಣ್ಣ ಸಣ್ಣವು, ಜ್ವಾಳ ಚೆಲ್ಲಿದಂಗ. ಮಿಣಿಮಿಣಿ ಅಂತಾವ. ಒಂದರ ಸದ್ದು ಇಲ್ಲ. ಇಷ್ಟು ಮಂದಿ ಕೂಡಿ ಒಂದೂ ಸದ್ದು ಮಾಡದಂಗ ನಿಂತಾವಂದ್ರ..." ಕೈಯಿಂದ ಆ ಕಡೆ ತೋರಿಸಿ, "ಬಡಗ ದಿಕ್ಕಿಗೆ ನಾಕು ಇದ್ದುವು, ಮಂಚದ ಕಾಲಿದ್ದಂಗ. ಅದರ ಹಿಂದ ಮೂರು, ಸ್ವಲ್ಪ ಸೊಟ್ಟಗ" ಎಂದರು.

ನನ್ನ ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು. ಅದು ಮುದುಕಿಯ ಮಂಚ. ತವರಿನ ಮಾಳಿಗೆಯ ಮೇಲೆ, ಅವ್ವನ ತೋರುಬೆರಳಿನ ತುದಿಯಲ್ಲಿ ಇರುತ್ತಿದ್ದದ್ದು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದು ಕೈಕಾಲು ತೊಳೆಯಲು ಹೋದರು. ನಾಳೆ ಹೇಳಿದರಾಯಿತು ಎಂದುಕೊಂಡೆ.

ನಾಳೆಯ ಹೊತ್ತಿಗೆ ಮಾತು ಹೊಳೆ ದಾಟಿತ್ತು. ಬೆಳಗಿನ ಸಾಗಣೆಯಲ್ಲಿ ಒಬ್ಬ ಬಳೆಗಾರ ಕೂತಿದ್ದ, ಮಾವ ಅವನಿಗೂ ಹೇಳಿದ್ದರು. ಬಳೆಗಾರನ ಬಾಯಿಗೆ ಬಿದ್ದದ್ದು ತಾಲೂಕಿಗೆ ಮುಟ್ಟಲು ಎಷ್ಟು ಹೊತ್ತು? ಕೆಲವು ದಿನಕ್ಕೆ ಪಂಚಾಯ್ತಿಗೆ ಕಾಗದ ಬಂತು. ಅಂಬಿಗ ದ್ಯಾಮಣ್ಣನೆಂಬವನು ಆಕಾಶದಲ್ಲಿ ವಿಚಿತ್ರ ಬೆಳಕು ಕಂಡಿದ್ದಾನೆಂದು ವರದಿಯಾಗಿದೆ, ಸಾಹೇಬರು ವಿಚಾರಣೆಗೆ ಬರುತ್ತಾರೆ, ಅಂಬಿಗನಿಗೆ ಕಣ್ಣಿನ ದೋಷವಿರುವುದು ಕಂಡುಬಂದಲ್ಲಿ ಹರಿಗೋಲನ್ನು ಬೇರೆಯವರಿಗೆ ವಹಿಸತಕ್ಕದ್ದು ಎಂದು ಅದರಲ್ಲಿತ್ತು.

ಫಕೀರವ್ವ ಕಾಗದ ಹಿಡಿದು ನಮ್ಮ ಮನೆಗೇ ಬಂದಳು. ತಿರುವಿನಿಂದಲೇ ಕೆಮ್ಮುತ್ತ ಬಂದಳು.

"ದ್ಯಾಮಣ್ಣಾ, ಬಾಯಾಗ ನಾಲಿಗಿ ಐತೋ ಹರಿಗೋಲು ಐತೋ? ಊರೂರು ದಾಟತೈತಲ್ಲ!"

"ಕಂಡದ್ದು ಹೇಳೀನಿ" ಎಂದರು ಮಾವ.

"ಕಂಡದ್ದೆಲ್ಲಾ ಹೇಳೂದಾದ್ರ ನಾನೂ ಭಾಳ ಕಂಡೀನಿ. ಕೇಳಿಲ್ಲಿ. ನಮ್ಮೂರ ಮ್ಯಾಲ ಬೆಳಕು ಬಂದೈತಿ ಅಂತ ಆ ಸಾಹೇಬ ಬರಕೊಂಡು ಹೋದನೋ, ಕತ್ತಲೆಣ್ಣಿ ಬಂದ್. ನೀ ಕಂಡಿಲ್ಲ ಅನ್ನು. ವಯಸ್ಸಾತು, ಕಣ್ಣು ಮಂಜಾಗ್ಯಾವ ಅನ್ನು."

"ಹಂಗಂದ್ರ ಹರಿಗೋಲು ಹೋಗತೈತಿ."

"ಹೋದ್ರ ಹೋಗಲಿ, ಮಗ ಅದಾನ, ಸೊಸಿ ಅದಾಳ, ಉಂಡು ಕುಂದ್ರು!"

ಮಾವ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಹುಟ್ಟು ಹಿಡಿದು ಹಿಡಿದು ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಉಂಡು ಕೂರುವ ಕೈಗಳಲ್ಲ ಅವು. ಆಮೇಲೆ "ಕಂಡಿಲ್ಲ ಅನ್ನಾಕ ನನಗ ಬರಂಗಿಲ್ಲ ಫಕೀರವ್ವಾ" ಎಂದರು, ಮನೆಯಲ್ಲಿ ಬೆಲ್ಲ ಇಲ್ಲ ಎಂದು ಹೇಳುವಷ್ಟು ಮೆತ್ತಗೆ.

ನಾನು ಫಕೀರವ್ವನನ್ನು ಬಾಗಿಲ ತನಕ ಕಳಿಸಲು ಹೋದೆ. "ಅಕ್ಕಾ, ಮಾವ ಕಂಡದ್ದು ಖರೇನ. ಅವು ಚಿಕ್ಕಿ" ಎಂದೆ.

ಆಕೆ ಗಕ್ಕನೆ ನಿಂತಳು. "ಐದು ಮೂಲಿ ಇದ್ದುವಂತೇನು?"

"ಖರೇ ಚಿಕ್ಕಿಗೆ ಮೂಲಿ ಇರಂಗಿಲ್ಲಕ್ಕಾ."

"ಹಂಗಾರ ಬಾಯಿ ಮುಚ್ಚಿಕೊಂಡಿರು. ಬೆಳಕು ಅಂದ್ರ ಏನರ ಹೇಳಿ ತಪ್ಪಿಸ್ಕೊಬಹುದು, ಚಿಕ್ಕಿ ಅಂದ್ರ ಎಣ್ಣಿ ಪೂರಾ ಹೋತು. ನಿನ್ನ ತವರಿಗೆ ಎಣ್ಣಿ ಕೊಡತಾರೇನು? ಇಲ್ಲ. ಯಾಕ? ಚಿಕ್ಕಿ ಅದಾವ." ಬೆರಳು ತುಟಿಗಿಟ್ಟು ಹೋದಳು. ಹೋಗುವಾಗಲೂ ಕೆಮ್ಮುತ್ತಲೇ ಹೋದಳು.

ಹೀಗೆ ನಾನು ಸಿಕ್ಕಿಬಿದ್ದೆ. ಮಾತಾಡಿದರೆ ಊರಿನ ದೀಪ ಆರುತ್ತದೆ, ಸುಮ್ಮನಿದ್ದರೆ ಮಾವನ ಹರಿಗೋಲು ಹೋಗುತ್ತದೆ. ರೊಟ್ಟಿ ಬಡಿಯುವಾಗ ಅದೇ, ಪಾತ್ರೆ ತಿಕ್ಕುವಾಗ ಅದೇ ಯೋಚನೆ. ಗಂಡನಿಗೆ ಹೇಳಿದರೆ ಅವನು ಬಲೆಯ ಗಂಟು ಹಾಕುತ್ತ, "ಸಾಹೇಬ ಬರಲಿ. ಬಂದ ಮೀನು ನೋಡಿ ಬಲಿ ಹಾಕೂಣು" ಎಂದ.

ಸಾಹೇಬರ ಹೆಸರು ಮಕಾಂದಾರ. ಡೊಳ್ಳುಹೊಟ್ಟೆಯ, ನಯವಾಗಿ ಮಾತಾಡುವ ಮನುಷ್ಯ. ಹೊಳೆ ದಾಟಿ ಬರುವಾಗ ಹರಿಗೋಲಿನ ನಡುವೆ ಕೂತು, ಎರಡೂ ಕೈಯಿಂದ ಅಂಚು ಹಿಡಿದು, ಕಣ್ಣು ಮುಚ್ಚಿಕೊಂಡೇ ಬಂದರಂತೆ. ಮಾವನೇ ಕರೆತಂದದ್ದು. ಯಾರ ವಿಚಾರಣೆಗೆ ಬಂದಿದ್ದರೋ ಅವರ ಹರಿಗೋಲಿನಲ್ಲೇ ಬರಬೇಕಾಯಿತು, ಬೇರೆ ದಾರಿಯಿರಲಿಲ್ಲ.

ಹೊಳೆದಂಡೆಯ ಹುಣಸೆಮರದ ಕೆಳಗೆ ಕುರ್ಚಿ ಹಾಕಿದರು. ಊರು ಸೇರಿತು.

"ಬೆಳಕುಗಳು ಚಲಿಸುತ್ತಿದ್ದವೇ?" ಎಂದು ಕೇಳಿದರು ಸಾಹೇಬರು.

"ಇಲ್ರಿ. ಹರಿಗೋಲು ತಿರುಗತಿತ್ತು, ಅವು ನಿಂತಿದ್ದುವು."

"ಸದ್ದು?"

"ಸದ್ದಿರಲಿಲ್ರಿ. ಅದಕ್ಕ ಅಂಜಿಕಿ ಆತು."

ಸುತ್ತ ನಿಂತವರು ತಲೆಯಾಡಿಸಿದರು. ಸದ್ದಿಲ್ಲದ್ದಕ್ಕೆ ಅಂಜುವುದು ಸರಿಯೆ. ಸಾಹೇಬರಿಗೆ ಮಾತ್ರ ಅರ್ಥವಾಗಲಿಲ್ಲ.

"ಅಂದು ಏನಾದರೂ ಕುಡಿದಿದ್ದಿರಾ?"

"ಕುರಿಯವರು ಮಜ್ಜಿಗಿ ಕೊಟ್ಟಿದ್ರು."

ಜನ ನಕ್ಕರು. ಸಾಹೇಬರೂ ನಕ್ಕರು. ಕಣ್ಣಿನ ಪರೀಕ್ಷೆಗೆಂದು ಆಚೆ ದಂಡೆಯಲ್ಲಿ ಏನು ಕಾಣುತ್ತದೆಂದು ಕೇಳಿದಾಗ ಮಾವ, "ಒಂದು ಎಮ್ಮಿ ನಿಂತೈತ್ರಿ, ಮೊಂಡ ಬಾಲದ್ದು" ಎಂದರು. ಸಾಹೇಬರು ಕನ್ನಡಕ ಒರೆಸಿ ನೋಡಿ, "ಹೌದು, ಎಮ್ಮೆ. ಬಾಲ ನನಗೆ ತಿಳಿಯುತ್ತಿಲ್ಲ" ಎಂದರು. ಫಕೀರವ್ವ ತಡೆಯಲಾರದೆ, "ಎಮ್ಮಿ ದೊಡ್ಡದ್ರಿ, ಯಾರಿಗೂ ಕಾಣತೈತಿ. ದ್ಯಾಮಣ್ಣಗ ಸಣ್ಣದು ಕಾಣಂಗಿಲ್ಲ" ಎಂದು ಸೇರಿಸಿದಳು. ಮಾವ ಆಕೆಯ ಕಡೆ ಒಮ್ಮೆ ನೋಡಿದರು, ಅಷ್ಟೇ.

ಸಾಹೇಬರು ಬಹಳ ಹೊತ್ತು ಹೊಳೆಯನ್ನು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ನಾನೂ ನೋಡದೆ ಬರೆಯುವುದು ಸರಿಯಲ್ಲ. ಸಂಜೆ ಅದೇ ಜಾಗಕ್ಕೆ ಹೋಗೋಣ" ಎಂದರು. ಆ ಮಾತು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಮುಖದಲ್ಲಿ ಕಾಣುತ್ತಿತ್ತು. ಆ ಮನುಷ್ಯನ ಬಗ್ಗೆ ನನಗೆ ಆಗ ಗೌರವ ಬಂತು.

ಹರಿಗೋಲಿನಲ್ಲಿ ಸಾಹೇಬರು, ಮಾವ, ಊರಿನ ಪರವಾಗಿ ಫಕೀರವ್ವ. ನಾನು ಕಂದೀಲು ಹಿಡಿಯುತ್ತೇನೆಂದು ಕೇಳದೆಯೇ ಹತ್ತಿದೆ. ಯಾರೂ ಇಳಿ ಎನ್ನಲಿಲ್ಲ. ಹೊತ್ತು ಮುಳುಗುತ್ತಿತ್ತು. ನೀರು ಇಳಿದು ಹೊಳೆ ಮೆತ್ತಗಿತ್ತು. ಹಿಂದೆ ಊರು ಕಪ್ಪಾಗುತ್ತ ಹೋಯಿತು. ದನ ಕಟ್ಟುವ, ಮಕ್ಕಳನ್ನು ಕರೆಯುವ ಸದ್ದುಗಳು ಒಂದೊಂದೇ ಬಂದವು: ಬೋಕಿ, ಗಂಟೆ, ಗರಗಸ. ಸಾಹೇಬರು ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಅಂದುಕೊಳ್ಳುತ್ತಿದ್ದರು. ಫಕೀರವ್ವ ನನ್ನ ಮೊಣಕಾಲು ಒತ್ತಿ ಹಿಡಿದಿದ್ದಳು, ಬೆದರಿಸಲೋ ಹೆದರಿಕೆಗೋ ಗೊತ್ತಿಲ್ಲ.

ಒಂದು ಕಡೆ ಮಾವ ಹುಟ್ಟು ನಿಲ್ಲಿಸಿದರು. "ಕಂದೀಲು ಸಣ್ಣ ಮಾಡು" ಎಂದರು. ಮಾಡಿದೆ.

ಮೇಲೆ ನೋಡಿದೆ. ನಮ್ಮೂರಿನ ಕಪ್ಪು ನಮ್ಮ ತಲೆಯ ಮೇಲೆಯೇ, ಹೊಳೆಯ ನಡುವಿಗೆ ಸರಿಯಾಗಿ, ಸೀರೆಯ ಅಂಚಿನ ಹಾಗೆ ಮುಗಿದುಹೋಗಿತ್ತು. ಅದರಾಚೆ ಅವು ಇದ್ದವು, ಅಷ್ಟೂ. ಯಾವ ಹೊಸ ಬೆಳಕೂ ಬಂದಿರಲಿಲ್ಲ. ಎಂದಿನಿಂದಲೋ ಅಲ್ಲೇ ಇದ್ದವು. ದಂಡೆಯಿಂದ ಆ ಅಂಚು ಕಾಣುವುದಿಲ್ಲ, ದೀಪ ಹಚ್ಚುವ ಮೊದಲೇ ಹರಿಗೋಲು ಕಟ್ಟುವ ಊರು ನಮ್ಮದು, ನೋಡುವವರು ಯಾರು?

"ಅಗೋ ನೋಡ್ರಿ ಸಾಹೇಬ್ರ" ಎಂದರು ಮಾವ.

ಸಾಹೇಬರು ಒಂದು ಕಣ್ಣು ತೆರೆದರು. ಆಮೇಲೆ ಎರಡನ್ನೂ. "ಎಲ್ಲಿ?"

"ಅಲ್ಲೇ ರೀ."

"ಎಲ್ಲಿ? ನಕ್ಷತ್ರಗಳ ಪಕ್ಕದಲ್ಲೇ?"

"ಯಾವ ನಕ್ಷತ್ರ ರೀ?"

ಸಾಹೇಬರು ಮಾವನ ಮುಖ ನೋಡಿದರು, ಮೇಲೆ ನೋಡಿದರು, ಮತ್ತೆ ಮಾವನ ಮುಖ. "ನೀವು ಕಂಡ ಬೆಳಕು... ಇವೇ ಏನು?"

"ಇವೇ ರೀ."

"ಇವು ನಕ್ಷತ್ರ ರೀ ಯಜಮಾನ್ರೇ!"

ಮಾವ ತಲೆ ಎತ್ತಿ ಬಹಳ ಹೊತ್ತು ನಿಂತರು. "ಐದು ಮೂಲಿ ಇಲ್ಲಲ್ರಿ" ಎಂದರು ಕಡೆಗೆ.

ಸಾಹೇಬರು ಹರಿಗೋಲು ಅಲ್ಲಾಡುವ ಹಾಗೆ ನಕ್ಕರು, ಅಲ್ಲಾಡಿದ್ದಕ್ಕೆ ಹೆದರಿ ಅಂಚು ಹಿಡಿದರು, ಹಿಡಿದುಕೊಂಡೇ ಮತ್ತೆ ನಕ್ಕರು. ಆಮೇಲೆ ಕತ್ತು ತಿರುಗಿಸಿ ಊರಿನ ಕಡೆ ನೋಡಿದರು. ನಗು ನಿಂತಿತು. "ಆ ಕಡೆ ಯಾಕೆ ಒಂದೂ ಇಲ್ಲ?"

ನನ್ನ ಮೊಣಕಾಲಿನ ಮೇಲಿದ್ದ ಫಕೀರವ್ವನ ಕೈ ಬಿಗಿಯಾಯಿತು. "ಅದಕ್ಕೇ ರೀ ಕತ್ತಲೆಣ್ಣಿ ಕೊಡೂದು" ಎಂದಳು. ಆಕೆಯ ದನಿ ಅಷ್ಟು ಸಣ್ಣಗೆ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ನಡುಹೊಳಿ ನಮ್ಮೂರ ಹದ್ದಿನಾಗ ಬರಂಗಿಲ್ರಿ. ನಮಗ ಬಂದದ್ದು ಅದು ಅಷ್ಟ." ಮತ್ತು ಹಿಂದಿನ ಕಪ್ಪನ್ನು ಕೈಯಿಂದ ತೋರಿಸಿದಳು.

ಆಗ ನಾನು ಬಾಯಿಬಿಟ್ಟೆ. "ಸಾಹೇಬ್ರ, ನಾನು ಆಚಿ ಕಡೆ ಹುಟ್ಟಿದಾಕಿ. ಅವತ್ತ ಮಾವ ಮನ್ಯಾಗ ಬಂದು ಹೇಳಿದ ಮಂಚ ಅಲ್ಲೈತಿ ನೋಡ್ರಿ. ನಾಕು ಕಾಲು, ಹಿಂದ ಮೂರು. ಒಂದೂ ಹೆಚ್ಚು ಹೇಳಿಲ್ಲ, ಕಡಿಮಿ ಹೇಳಿಲ್ಲ. ಕಣ್ಣು ಮಂಜಾದವರಿಗೆ ಹಿಂಗ ಕಾಣತೈತೇನ್ರಿ?"

ಸಾಹೇಬರು ಬೆರಳು ಮಾಡಿ ಎಣಿಸಿದರು. "ಸಪ್ತರ್ಷಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ತಮ್ಮ ಊರಿನ ಯಾವ ಮಾಳಿಗೆ ನೆನಪಾಯಿತೋ, ನೀರಿನ ಹೆದರಿಕೆ ಮರೆತು ಅಂಚು ಬಿಟ್ಟು ಕೂತರು. "ನಾನೂ ಆಫೀಸಿನ ಕೆಲಸ ಹಿಡಿದ ಮೇಲೆ ತಲೆ ಎತ್ತಿಲ್ಲ ನೋಡಮ್ಮ" ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು ಸಾಹೇಬರ ದನಿಯಲ್ಲಿ ಹೇಳಿದರು: "ವಿಚಿತ್ರ ಬೆಳಕು ಏನೂ ಕಂಡುಬಂದಿಲ್ಲ. ಇರುವುದನ್ನೇ ಅಂಬಿಗ ಕಂಡಿದ್ದಾನೆ. ಕಣ್ಣು ಚೆನ್ನಾಗಿವೆ. ಊರು ಕತ್ತಲಾಗಿಯೇ ಇದೆ. ಇಷ್ಟೇ ಬರೆಯುತ್ತೇನೆ. ಈಗ ದಯಮಾಡಿ ದಂಡೆಗೆ ಹೋಗೋಣ."

ದಂಡೆಗೆ ಬರುವ ತನಕ ಫಕೀರವ್ವ ನನ್ನ ಮೊಣಕಾಲು ಬಿಡಲಿಲ್ಲ. ಇಳಿಯುವಾಗ, "ನಿನ್ನ ಸೊಸಿ ಬಾಯಿ ಜೋರೈತಿ ದ್ಯಾಮಣ್ಣಾ" ಎಂದಳು. ಮಾರನೆಯ ದಿನ ನಮ್ಮ ಮನೆಗೆ ಎಣ್ಣೆ ಅಳೆಯುವಾಗ ಅಳತೆಯ ಮೇಲೆ ಇನ್ನೊಂದಿಷ್ಟು ಸುರಿದಳು, ಕೈ ತಪ್ಪಿದವಳ ಹಾಗೆ.

ಸಾಹೇಬರು ಹೋದರು. ಊರಿನಲ್ಲಿ ಒಂದಿಷ್ಟು ದಿನ ಅದೇ ಮಾತು. ನೋಡಬೇಕೆಂದು ಕೆಲವರು ಮಾವನೊಡನೆ ನಡುಹೊಳೆಗೆ ಹೋಗಿ ಬಂದರು. ಕುಂಬಾರ ಮುದುಕಿಯೊಬ್ಬಳು, "ಚಂದ ಅದಾವ, ಆದ್ರ ಯಾರೂ ಒರೆಸಿಲ್ಲ ಕಾಣತೈತಿ, ಸಣ್ಣಗ ಕಾಣತಾವ" ಎಂದಳು. ಬಡಿಗೇರ ಕಾಳಪ್ಪ ಇಷ್ಟು ಬೆಳಕಿನಲ್ಲಿ ಆಚೆಯವರಿಗೆ ನಿದ್ದೆ ಹೇಗೆ ಬರುತ್ತದೆಂದು ಕೇಳಿದ. ಶಾಲೆಯ ಗೋಡೆಯ ಚಿಕ್ಕಿಗಳನ್ನು ಅಳಿಸಿ ಸಣ್ಣಗೆ ಬರೆಯಬೇಕೇ ಎಂದು ಮಾತು ಬಂದಾಗ ಬೇಡವೆಂದರು. ಅವೇ ಚೆನ್ನಾಗಿವೆ, ದೂರದಿಂದ ಕಾಣುತ್ತವೆ. ಆಮೇಲೆ ಎಲ್ಲರೂ ತಮ್ಮ ತಮ್ಮ ಸದ್ದುಗಳಿಗೆ ಮರಳಿದರು.

ಒಂದು ಸಂಜೆ ನಾನು ದೀಪ ಹಚ್ಚಿ ಬರುವಷ್ಟರಲ್ಲಿ ಮಾವ ಹುಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಬಾ" ಎಂದರು. ಗಂಡ ಬಲೆಯಿಂದ ತಲೆ ಎತ್ತದೆ, "ಹೋಗಿ ಬಾ. ರೊಟ್ಟಿ ನಾ ಕಾಯತೀನಿ, ಬೆಕ್ಕಿಗೆ ಕೊಡಂಗಿಲ್ಲ" ಎಂದ.

ನಡುಹೊಳೆಯಲ್ಲಿ ಮಾವ ಹುಟ್ಟು ಎತ್ತಿ ಒಳಗಿಟ್ಟರು. ಹುಟ್ಟು ಹಾಕದ ಹರಿಗೋಲು ತನ್ನಷ್ಟಕ್ಕೆ ತಾನು ಮೆಲ್ಲಗೆ ತಿರುಗುತ್ತದೆ. ನಾನು ಅಂಚಿಗೆ ತಲೆಯಿಟ್ಟು ಕೂತೆ. ಊರಿನ ಕಪ್ಪು ಬಂತು, ಹೋಯಿತು. ಆಚೆಯ ಚಿಕ್ಕಿಗಳು ಬಂದವು, ಹೋದವು, ಮತ್ತೆ ಬಂದವು. ಕತ್ತು ತಿರುಗಿಸುವ ಕೆಲಸವೇ ಇರಲಿಲ್ಲ.

"ನಿನ್ನ ತವರ ಮ್ಯಾಲೂ ಇವೇ ಏನು?"

"ಇವೇ ಮಾವಾ."

"ಇಷ್ಟು ವರ್ಷಾತು ಬಂದು. ಇಂಥಾವು ಬಿಟ್ಟು ಬಂದೀನಿ ಅಂತ ಒಂದ್ ಮಾತು ಹೇಳ್ಲಿಲ್ಲಲ್ಲ."

"ಹೇಳಿ ಏನ್ ಮಾಡೂದು ಮಾವಾ? ಗಂಟು ಕಟ್ಟಿ ತರಾಕ ಬರತಿತ್ತೇನು?"

ನೀರು ಹರಿಗೋಲಿನ ತೊಗಲಿಗೆ ತಾಗುತ್ತಿತ್ತು. ಮಾವ ಬಡಗ ದಿಕ್ಕಿಗೆ ಬೆರಳು ಮಾಡಿ, "ಆ ಮಂಚ ಯಾರದು?" ಎಂದು ಕೇಳಿದರು.

ಅವ್ವ ಹೇಳುತ್ತಿದ್ದ ಹಾಗೆಯೇ ಹೇಳಿದೆ. ಒಬ್ಬಳು ಮುದುಕಿ. ಆಕೆಯ ಮಂಚಕ್ಕೆ ಬೆಳ್ಳಿಯ ಕಾಲು. ಮುದುಕಿ ಮಲಗಿದ್ದಾಳೆ. ಹಿಂದಿನ ಮೂವರು ಕಳ್ಳರು. ಕಾಲು ಕದಿಯಬೇಕೆಂದು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದಾರೆ. ಮುದುಕಿಗೆ ಎಚ್ಚರವಾಗಲಿ ಎಂದುಕೊಳ್ಳುತ್ತ ಸಣ್ಣವರಿದ್ದಾಗ ನಾವು ನೋಡುತ್ತ ನೋಡುತ್ತ ನಿದ್ದೆಹೋಗುತ್ತಿದ್ದೆವು.

"ಕಳ್ಳರಿಗೆ ಸದ್ದಿಲ್ಲ" ಎಂದರು ಮಾವ. "ನಾ ಅವತ್ತ ಅಂದಿದ್ದೆ."

"ಹೌದು ಮಾವಾ."

ಅವರು ನೆಟ್ಟಗೆ ಕೂತರು. ಗಂಟಲು ಸರಿಮಾಡಿಕೊಂಡು, ಬಡಗ ದಿಕ್ಕಿಗೆ ಮುಖ ಎತ್ತಿ, ಮುದುಕಿಗೆ ಕೇಳುವ ಹಾಗೆ ಗಟ್ಟಿಯಾಗಿ ಕೆಮ್ಮಿದರು. ಹೊಳೆಯ ಮೇಲೆ ಆ ಕೆಮ್ಮು ಎರಡೂ ದಂಡೆಗೆ ಹೋಯಿತು. ನಾವು ಬರುತ್ತಿದ್ದೇವೆಂದು ತಿಳಿದು ಊರಿನ ಕಪ್ಪಿನೊಳಗಿಂದ ನನ್ನ ಗಂಡ ಹಗ್ಗ ಜಗ್ಗಿದ, ಟಕ್ ಟಕಾ ಟಕ್ ಎಂದು ನಮ್ಮ ಮನೆ ಕೇಳಿಸಿತು. ನಾನು ಮೇಲೆ ನೋಡಿದೆ. ಮೂವರು ಕಳ್ಳರೂ ನಿಂತಲ್ಲೇ ನಿಂತಿದ್ದರು.